ಓದುಗರು ಕೇಳ್ಯಾರ: ದಿನದ ಫೋಟೊ ಗುಂಪಿಗೆ ಹಾಕುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋಟೊ ಹಂಚಿಕೊಳ್ಳುವುದರ ಬಗ್ಗೆಯೇ ಇವೆ. ಓಣಿಯ ಗುಂಪು, ಊರ ನೆನಪಿನ ಗುಂಪು, ಸೀರೆ ಮಾರುವ ಗುಂಪು, ಹಕ್ಕಿ ನೋಡುವವರ ಗುಂಪು ಹೀಗೆ ಎಲ್ಲ ಕಡೆಯಿಂದ ಪ್ರಶ್ನೆ ಬಂದಿವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಓಣಿ ಗ್ರೂಪಿನ್ಯಾಗ ‘ದಿನಕ್ಕೊಂದು ಫೋಟೊ’ ಅಂತ ನಡದೈತಿ. ನಾ ದಿನಾ ಮುಂಜಾನೆ ಬಾಗಿಲ ಮುಂದಿನ ರಂಗೋಲಿ ಫೋಟೊ ಹಾಕತೀನಿ. ‘ಬ್ಯಾಡಬೇ, ಫೋಟೊದೊಳಗ ಮನಿ ಅಡ್ರೆಸ್ ಇರತೈತಿ’ ಅಂತ ಮಗ ಹೆದರಸ್ತಾನ. ಖರೇ ಏನ್ರಿ?
– ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾರೇ, ಮಗ ಹೇಳಿದ್ದು ಖರೇ. ಆದರೆ ಯಾವ ದಾರಿಯಿಂದ ಕಳಿಸುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಮೊಬೈಲ್ ಕ್ಯಾಮೆರಾ ಚಿತ್ರದ ಜೊತೆಗೇ ಒಂದು ಚೀಟಿ ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಎಂದು ಹೆಸರು. ತೆಗೆದ ದಿನ, ಗಳಿಗೆ, ಮೊಬೈಲಿನ ಮಾದರಿ ಅದರಲ್ಲಿ ಇರುತ್ತವೆ. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶವೂ ಸೇರುತ್ತವೆ. ಹುಬ್ಬಳ್ಳಿ ಎಂದರೆ ಸುಮಾರು 15.36 ಉತ್ತರ, 75.12 ಪೂರ್ವ. ಹೀಗೆ ಬಿಂದುವಿನ ಮುಂದೆ ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರಿನ ಸುತ್ತಳತೆಯಷ್ಟೇ ಗೊತ್ತಾಗುತ್ತದೆ. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್, ಅಂದರೆ ನಿಮ್ಮ ಮನೆ ಇಲ್ಲವೇ ಬಾಜೂ ಮನೆ. ಮೊಬೈಲ್ ಬರೆಯುವುದು ನಾಲ್ಕಕ್ಕಿಂತ ಹೆಚ್ಚು ಅಂಕಿ.

ವಾಟ್ಸಾಪ್‌ನಲ್ಲಿ ಎಲ್ಲರೂ ಕಳಿಸುವ ಹಾಗೆ ಗ್ಯಾಲರಿಯಿಂದ ಫೋಟೊ ಆರಿಸಿ ಕಳಿಸಿದರೆ ಈ ಚೀಟಿ ಕಿತ್ತುಹೋಗುತ್ತದೆ. ಟೆಲಿಗ್ರಾಂನಲ್ಲಿಯೂ ಹಾಗೆಯೇ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಅಥವಾ ‘ಫೈಲ್’ ಎಂದು ಕಳಿಸಿದರೆ ಚೀಟಿ ಇದ್ದಂತೆಯೇ ಹೋಗುತ್ತದೆ. ಇ-ಮೇಲ್, ಬ್ಲೂಟೂತ್, ಡ್ರೈವ್ ಲಿಂಕ್‌ಗಳಲ್ಲಿಯೂ ಅಷ್ಟೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ನೋಡುವವರಿಗೆ ಅದನ್ನು ಕಾಣಿಸುವುದಿಲ್ಲ. ಆದರೆ ನೀವು ಏರಿಸಿದ ಫೈಲಿನೊಳಗಿನ ಮಾಹಿತಿ ಆ ಕಂಪನಿಯ ಕೈಗಂತೂ ಸಿಗುತ್ತದೆ.

ನಿಮ್ಮ ಫೋಟೊದಲ್ಲಿ ಏನಿದೆ ಎಂದು ಈಗಲೇ ನೋಡಿಬಿಡಿ. ಗೂಗಲ್ ಫೋಟೋಸ್‌ನಲ್ಲಿ ಚಿತ್ರ ತೆರೆದು ಬೆರಳನ್ನು ಮೇಲಕ್ಕೆ ಸರಿಸಿ. ನಕಾಶೆ ಕಂಡರೆ ಜಾಗ ದಾಖಲಾಗಿದೆ ಎಂದರ್ಥ. ನಿಲ್ಲಿಸಲು ಕ್ಯಾಮೆರಾ ಆ್ಯಪ್ ತೆರೆದು ಹಲ್ಲಿನ ಚಕ್ರದ ಗುರುತು ಒತ್ತಿ. ಒಂದೊಂದು ಕಂಪನಿ ಒಂದೊಂದು ಹೆಸರಿನಿಂದ ಕರೆದರೂ ಅಲ್ಲಿ ‘ಲೊಕೇಶನ್’ ಎಂಬ ಮಾತು ಇದ್ದೇ ಇರುತ್ತದೆ. ಅದನ್ನು ಆಫ್ ಮಾಡಿ. ಐಫೋನ್ ಆದರೆ ಸೆಟ್ಟಿಂಗ್ಸ್, ಪ್ರೈವೆಸಿ, ಲೊಕೇಶನ್ ಸರ್ವೀಸಸ್, ಕ್ಯಾಮೆರಾ ಈ ಕ್ರಮದಲ್ಲಿ ಹೋಗಿ ‘ನೆವರ್’ ಆರಿಸಿ. ಇದು ಮುಂದೆ ತೆಗೆಯುವ ಫೋಟೊಗಳಿಗೆ ಮಾತ್ರ ಲಾಗೂ. ಹಳೆಯವುಗಳಲ್ಲಿ ಇರುವುದು ಅಳಿಯುವುದಿಲ್ಲ. ಐಫೋನಿನಲ್ಲಿ ಕಳಿಸುವಾಗಲೇ ಶೇರ್ ಪರದೆಯ ಮೇಲ್ಭಾಗದ ‘ಆಪ್ಶನ್ಸ್’ ಒಳಗೆ ಲೊಕೇಶನ್ ತೆಗೆಯಬಹುದು. ಉಳಿದವರಿಗೆ ಸುಲಭದ ದಾರಿಯೆಂದರೆ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸುವುದು. ಸ್ಪಷ್ಟತೆ ತುಸು ಕಡಿಮೆಯಾಗುತ್ತದೆ, ಆದರೆ ಮೂಲ ಫೋಟೊದ ಚೀಟಿ ಅದರಲ್ಲಿ ಬರುವುದಿಲ್ಲ.

ನಿಮ್ಮ ರಂಗೋಲಿಯ ವಿಷಯದಲ್ಲಿ ನಮಗೆ ಹೆಚ್ಚಿನ ಚಿಂತೆ ಚಿತ್ರದೊಳಗೇ ಕಾಣುವುದರ ಬಗ್ಗೆ. ಬಾಗಿಲ ಮೇಲಿನ ಮನೆ ನಂಬರ್, ಗೇಟಿನ ಹೆಸರಿನ ಫಲಕ, ಸ್ಕೂಟರಿನ ನಂಬರ್ ಪ್ಲೇಟು, ಗೋಡೆಯ ಮೇಲಿನ ಹೆಸ್ಕಾಂ ಮೀಟರಿನ ಆರ್.ಆರ್. ನಂಬರ್, ಇವುಗಳನ್ನು ಯಾವ ಆ್ಯಪ್ ಕೂಡ ತಾನಾಗಿ ಕೀಳುವುದಿಲ್ಲ. ರಂಗೋಲಿಯನ್ನು ನೆಟ್ಟಗೆ ಮೇಲಿನಿಂದ, ಮೊಬೈಲ್ ನೆಲಕ್ಕೆ ಸಮನಾಗಿ ಹಿಡಿದು ತೆಗೆಯಿರಿ. ಚುಕ್ಕಿಗಳ ಸಾಲು ಓರೆಯಾಗುವುದಿಲ್ಲ, ಹೊಸ್ತಿಲ ಆಚೆಗಿನದು ಬರುವುದೂ ಇಲ್ಲ. ಊರಿಗೆ ಹೋಗುವಾಗ ‘ಮನೆಗೆ ಕೀಲಿ ಹಾಕಿ ಹೊರಟೆವು’ ಎಂದು ರೇಲ್ವೆ ಸ್ಟೇಶನ್ ಫೋಟೊ ಆ ಹೊತ್ತಿಗೇ ಹಾಕಬೇಡಿ. ನಾಲ್ಕು ದಿನ ಬಿಟ್ಟು, ತಿರುಗಿ ಬಂದ ಮೇಲೆ ಹಾಕಿದರೂ ಆ ಉದ್ದನೆಯ ಪ್ಲಾಟ್‌ಫಾರ್ಮು ಅಷ್ಟೇ ಉದ್ದ ಇರುತ್ತದೆ.

ಪ್ರಶ್ನೆ: ನಾವು ಸೀರಿ ನೇಯಾವ್ರು. ಗಿರಾಕಿಗಳ ಗ್ರೂಪಿಗೆ ಫೋಟೊ ಹಾಕಿದ್ರ ಬಣ್ಣ ಬ್ಯಾರೇನ ಕಾಣತೈತಿ, ಚೌಕಡಿ ಮ್ಯಾಲ ನೀರಿನ ಅಲಿ ಹಂಗ ಪಟ್ಟಿ ಬರತಾವು. ನಮ್ಮ ಮೊಬೈಲ್‌ನ್ಯಾಗ ನೋಡಿದ್ರ ಚಲೋ ಇರತೈತಿ. ತಪ್ಪು ಎಲ್ಲಿ ಆಗೇತಿ?
– ಗದಗ-ಬೆಟಗೇರಿ

ಉತ್ತರ: ಎರಡು ತಪ್ಪು ಬೇರೆ ಬೇರೆ ಕಡೆ ಆಗಿವೆ.

ಬಣ್ಣದ್ದು ಬೆಳಕಿನ ತಪ್ಪು. ಒಳಗೆ ಟ್ಯೂಬ್‌ಲೈಟ್ ಹಚ್ಚಿ, ಕಿಟಕಿಯಿಂದಲೂ ಬಿಸಿಲು ಬರುತ್ತಿದ್ದರೆ ಸೀರೆಯ ಅರ್ಧಕ್ಕೆ ಒಂದು ಬೆಳಕು, ಉಳಿದರ್ಧಕ್ಕೆ ಇನ್ನೊಂದು. ಕ್ಯಾಮೆರಾ ಯಾವುದನ್ನು ಬಿಳಿ ಎಂದು ಹಿಡಿಯಬೇಕೆಂದು ತಿಳಿಯದೆ ನಡುವೆ ಎಲ್ಲೋ ನಿಲ್ಲುತ್ತದೆ. ಕುಂಕುಮ ಕೆಂಪು ಕಿತ್ತಳೆಯಾಗುವುದು, ಗಿಣಿ ಹಸಿರು ಹಳದಿಗೆ ತಿರುಗುವುದು ಇದರಿಂದಲೇ. ಮನೆಯ ದೀಪ ಎಲ್ಲ ಆರಿಸಿ. ಮುಂಜಾನೆ 8ರಿಂದ 10ರೊಳಗೆ ಪಡಸಾಲೆಯಲ್ಲಿ, ಬಿಸಿಲು ನೇರ ಬೀಳದ ನೆರಳಿನಲ್ಲಿ ಸೀರೆ ಹರವಿ ತೆಗೆಯಿರಿ. ಒಂದು ಮೂಲೆಗೆ ಬಿಳಿ ಕಾಗದ ಇಡಿ. ಫೋಟೊದಲ್ಲಿ ಆ ಕಾಗದ ಬಿಳಿಯಾಗಿ ಕಂಡರೆ ಸೀರೆಯ ಬಣ್ಣವೂ ಹತ್ತಿರ ಬಂದಿದೆ ಎಂದು ತಿಳಿಯಿರಿ. ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಜಾಗ ಬದಲಿಸಿ. ಕ್ಯಾಮೆರಾದಲ್ಲಿ ‘ಎಐ’ ಅಥವಾ ‘ಸೀನ್’ ಎಂಬ ಗುಂಡಿ ಇದ್ದರೆ ಆಫ್ ಮಾಡಿ. ಅದು ಬಣ್ಣಕ್ಕೆ ತನ್ನದೇ ಉಬ್ಬರ ಕೊಡುತ್ತದೆ. ಪಾರ್ಸೆಲ್ ಬಿಚ್ಚಿದ ಗಿರಾಕಿ ‘ಇದು ಆ ಸೀರೆ ಅಲ್ಲ’ ಅನ್ನುವ ಜಗಳ ಅಲ್ಲಿಂದ ಶುರು.

ಅಲೆಯಂಥ ಪಟ್ಟಿಗಳು ಬರುವುದು ಚಿತ್ರ ಕುಗ್ಗಿದಾಗ. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ 4000×3000 ಚುಕ್ಕಿಗಳದ್ದು, ತೂಕ ಸುಮಾರು 3–5 ಎಂಬಿ. ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಅದನ್ನು ಉದ್ದನೆಯ ಬದಿಗೆ ಸುಮಾರು 1600 ಚುಕ್ಕಿಗಳಿಗೆ ಇಳಿಸಿ, ಮೇಲೆ ಇನ್ನಷ್ಟು ಹಿಂಡುತ್ತದೆ. ಪಟ್ಟೇದ ಅಂಚಿನ ಸೀರೆಯಂಥ ಸಣ್ಣ ಚೌಕಡಿಯ ಎಳೆಗಳಿಗೂ ಆ ಚುಕ್ಕಿಗಳ ಸಾಲಿಗೂ ತಾಳ ತಪ್ಪಿದಾಗ ಇಲ್ಲದ ಅಲೆಗಳು ಎದ್ದು ಕಾಣುತ್ತವೆ. ನಿಮ್ಮ ಮೊಬೈಲಿನಲ್ಲಿ ಮೂಲ ಫೋಟೊ ಇದೆ, ಆದ್ದರಿಂದ ನಿಮಗೆ ಕಾಣುವುದಿಲ್ಲ. ಕಳಿಸುವ ಪರದೆಯ ಮೇಲೆ ‘ಎಚ್‌ಡಿ’ ಎಂಬ ಗುರುತು ಇದೆ, ಅದನ್ನು ಒತ್ತಿ ಕಳಿಸಿ. ಅದಕ್ಕೂ ಅಲೆ ಹೋಗದಿದ್ದರೆ ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಸರಿದು, ಇಲ್ಲವೇ ಸೀರೆಯನ್ನು ತುಸು ಓರೆಯಾಗಿ ಇಟ್ಟು ಮತ್ತೆ ತೆಗೆಯಿರಿ. ಒಂದು ಸೀರೆಗೆ ಮೂರು ಫೋಟೊ ಸಾಕು: ಇಡೀ ಸೀರೆ, ಸೆರಗು, ಮತ್ತು ಅಂಚನ್ನು ಒಂದು ಗೇಣು ದೂರದಿಂದ. ಅಂಚಿನ ಚಿತ್ರದಲ್ಲಿ ಎಳೆ ಎಣಿಸುವಂತೆ ಕಾಣಬೇಕು. ಕೈಮಗ್ಗದ ಕೆಲಸ ಗೊತ್ತಾಗುವುದು ಅಲ್ಲಿಯೇ.

ತೆಗೆಯುವ ಮುಂಚೆ ಲೆನ್ಸನ್ನು ಹತ್ತಿಯ ಬಟ್ಟೆಯಿಂದ ಒರೆಸಿ. ಮಸುಕು ಬರುವ ಫೋಟೊಗಳಲ್ಲಿ ಬಹಳಷ್ಟು ಬೆರಳಿನ ಎಣ್ಣೆಯಿಂದಲೇ ಮಸುಕಾಗಿರುತ್ತವೆ.

ಪ್ರಶ್ನೆ: ನಮ್ಮ ತಂದೆಯವರ ಕಾಲೇಜಿನ ಗ್ರೂಪ್ ಫೋಟೊ, ಸೋದರತ್ತೆಯ ಮದುವೆ ಫೋಟೊ, ಹೀಗೆ ಸುಮಾರು ಅವ. ಹಳೇ ಧಾರವಾಡದ ಫೋಟೊ ಹಾಕೋ ಗುಂಪಿನ್ಯಾಗ ಹಂಚಿಕೋಬೇಕಂತ ಆಸೆ. ಹ್ಯಾಂಗ ಸ್ಕ್ಯಾನ್ ಮಾಡಬೇಕು? ಕೆಲವಕ್ಕ ತಾರೀಕೇ ಇಲ್ಲ. ಸ್ಟುಡಿಯೊದವರ ಹಕ್ಕು ಅಂತ ಏನರೆ ಬರತದೇನು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಧನಕೇರಿ, ಧಾರವಾಡ

ಉತ್ತರ: ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ. ಫೋಟೊದ ಮೇಲ್ಪದರ ಜಿಲಾಟಿನ್, ಮಳೆಗಾಲದ ಥಂಡಿಯನ್ನು ಹೀರಿ ಉಬ್ಬುತ್ತದೆ, ಬೂಸಲು ಹಿಡಿಯುತ್ತದೆ. ಒಂದಕ್ಕೊಂದು ಅಂಟಿದ ಮೇಲೆ ಬಿಡಿಸುವುದು ಕಷ್ಟ.

ಮೊದಲು ತೆಗೆಯುವ ಬಗ್ಗೆ. ಕಪ್ಪು ಹಾಳೆಯ ಹಳೇ ಆಲ್ಬಮ್ ಆದರೆ ಮೂಲೆಯ ಹಿಡಿಕೆಯಿಂದ ಫೋಟೊ ಮೆಲ್ಲಗೆ ಹೊರಬರುತ್ತದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿದ ಅಂಟಿನ ಆಲ್ಬಮ್ ಆದರೆ ಉಗುರಿನಿಂದ ಎಬ್ಬಿಸಬೇಡಿ, ಫೋಟೊ ಬಾಗಿ ಮುರಿಯುತ್ತದೆ. ಹಲ್ಲಿನ ಸಂದಿ ಸ್ವಚ್ಛ ಮಾಡುವ ನಯವಾದ ದಾರವನ್ನು ಫೋಟೊದ ಹಿಂದೆ ಹಾಯಿಸಿ, ಗರಗಸದಂತೆ ನಿಧಾನ ಎಳೆಯಿರಿ. ಫ್ರೇಮಿನ ಗಾಜಿಗೇ ಫೋಟೊ ಅಂಟಿದ್ದರೆ ಕೈ ಹಚ್ಚಲೇಬೇಡಿ, ಗಾಜಿನ ಮೇಲಿಂದಲೇ ಚಿತ್ರ ತೆಗೆಯಿರಿ. ಧೂಳಿಗೆ ಒಣ ಮೆತ್ತನೆಯ ಕುಂಚ ಸಾಕು. ಒದ್ದೆ ಬಟ್ಟೆ ಬೇಡ.

ಸ್ಕ್ಯಾನರ್ ಸಿಕ್ಕರೆ 600 ಡಿಪಿಐ, ಅಂದರೆ ಒಂದು ಇಂಚಿಗೆ 600 ಚುಕ್ಕಿ, ಇಡಿ. 4×6 ಇಂಚಿನ ಫೋಟೊ ಆಗ 2400×3600 ಚುಕ್ಕಿಗಳಾಗುತ್ತದೆ, ಅದರಿಂದ 8×12 ಇಂಚಿನ ಪ್ರತಿ ಚೊಕ್ಕಾಗಿ ತೆಗೆಸಬಹುದು. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೊಗೆ 1200 ಇಡಿ. ಕಪ್ಪು-ಬಿಳುಪಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ. ಕಂದು ಛಾಯೆ, ಹಿಂದಿನ ಶಾಯಿಯ ಬಣ್ಣ ಎಲ್ಲ ಉಳಿಯುತ್ತವೆ. ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸುವುದಾದರೆ ‘600 ಡಿಪಿಐ, ಜೆಪೆಗ್, ಪಿಡಿಎಫ್ ಬೇಡ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕಾಗದಪತ್ರಕ್ಕೆ ಇಟ್ಟ ಕಡಿಮೆ ಅಳತೆಯಲ್ಲಿಯೇ ಮಾಡಿಕೊಟ್ಟುಬಿಡುತ್ತಾರೆ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲಿನಿಂದಲೂ ಆಗುತ್ತದೆ. ಬಿಸಿಲು ಒಳಗೆ ಬೀಳದ ಕಿಟಕಿಯ ಹತ್ತಿರ ಮೇಜಿನ ಮೇಲೆ ಫೋಟೊ ಇಡಿ, ಫ್ಲ್ಯಾಶ್ ಬೇಡ. ಬಿಳಿ ಅಂಗಿ ಹಾಕಿಕೊಂಡು ಬಾಗಿದರೆ ಅಂಗಿಯೇ ಹೊಳಪಾಗಿ ಫೋಟೊದಲ್ಲಿ ಮೂಡುತ್ತದೆ, ಆದ್ದರಿಂದ ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ. ತೀರ ಹತ್ತಿರ ಹೋದರೆ ಅಂಚುಗಳು ಹೊರಕ್ಕೆ ಉಬ್ಬುತ್ತವೆ. ಒಂದೂವರೆ ಅಡಿ ಮೇಲೆ ನಿಂತು 2x ಒತ್ತಿ ತೆಗೆಯಿರಿ. ಹಿಂಬದಿಯದ್ದೂ ಒಂದು ಚಿತ್ರ ಇರಲಿ. ಸ್ಟುಡಿಯೊದ ಮುದ್ರೆ, ಅಜ್ಜಿಯ ಕೈಬರಹ ಅಲ್ಲಿ ಸಿಗುತ್ತವೆ.

ತಾರೀಕು ಇಲ್ಲದ್ದಕ್ಕೆ ಚಿತ್ರದೊಳಗಿನ ಬೋರ್ಡುಗಳನ್ನು ದೊಡ್ಡದು ಮಾಡಿ ಓದಿ. ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಸರಕಾರಿ ಫಲಕದ ಮೇಲೆ ‘ಮೈಸೂರು ರಾಜ್ಯ’ ಎಂದಿದ್ದರೆ ಆ 17 ವರ್ಷದೊಳಗಿನ ಫಲಕ ಎಂದು ಹಿಡಿಯಬಹುದು. ಅಂಗಡಿಯ ಬೋರ್ಡಿನಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಗದಗ ಅಥವಾ ಹಾವೇರಿಯ ವಿಳಾಸಕ್ಕೆ ‘ಜಿ. ಧಾರವಾಡ’ ಎಂದು ಬರೆದಿದ್ದರೆ ಅದು 1997ರಲ್ಲಿ ಜಿಲ್ಲೆ ಒಡೆಯುವ ಮುಂಚಿನ ಬೋರ್ಡು. ಬೋರ್ಡು ಹಳೆಯದಾಗಿಯೇ ಉಳಿದಿರಬಹುದು ಅನ್ನುವುದು ನೆನಪಿರಲಿ. ಒಂದೇ ಸುಳಿವಿನ ಮೇಲೆ ವರ್ಷ ಬರೆಯದೆ ‘1960ರ ದಶಕ ಇರಬಹುದು’ ಎಂದು ಬರೆಯಿರಿ. ಗುಂಪಿನ ಹಿರಿಯರೇ ತಿದ್ದುತ್ತಾರೆ.

ಹೆಸರು ಬರೆಯುವಾಗ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಸಾಲು ಹಿಡಿದು ಬರೆಯಿರಿ. ಗೊತ್ತಿಲ್ಲದ ಮುಖಕ್ಕೆ ಪ್ರಶ್ನೆಚಿಹ್ನೆ ಹಾಕಿ, ಬಿಟ್ಟು ಹಾರಬೇಡಿ. ಬಿಟ್ಟರೆ ಮುಂದಿನ ಹೆಸರೆಲ್ಲ ಒಂದೊಂದು ಸ್ಥಾನ ಸರಿದುಬಿಡುತ್ತವೆ. ಇನ್ನೊಂದು ಅತಿ ಮುಖ್ಯ ಮಾತು: ವಾಟ್ಸಾಪ್‌ನಲ್ಲಿ ಫೋಟೊದ ಕೆಳಗೆ ಬರೆದ ಸಾಲು ಫೋಟೊದೊಳಗೆ ಸೇರುವುದಿಲ್ಲ, ಫೈಲಿನ ಹೆಸರೂ ಬದಲಾಗುತ್ತದೆ. ನಾಲ್ಕು ಕಡೆ ಫಾರ್ವರ್ಡ್ ಆಗುವಷ್ಟರಲ್ಲಿ ನಿಮ್ಮ ತಂದೆಯವರು ಹೆಸರಿಲ್ಲದ ‘ಹಳೇ ಧಾರವಾಡದ ವಿದ್ಯಾರ್ಥಿಗಳು’ ಆಗಿಬಿಡುತ್ತಾರೆ. ಅದಕ್ಕೇ ಚಿತ್ರದ ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ, ಅದರಲ್ಲಿಯೇ ಹೆಸರು, ಊರು, ಅಂದಾಜು ವರ್ಷ, ‘ಇಂಥವರ ಸಂಗ್ರಹ’ ಎಂದು ಬರೆದು ಒಂದೇ ಚಿತ್ರವಾಗಿ ಉಳಿಸಿ ಕಳಿಸಿ. ಪಟ್ಟಿ ಇಲ್ಲದ ಮೂಲ ಪ್ರತಿ ನಿಮ್ಮಲ್ಲಿರಲಿ. ಕಾಗದದ ಫೋಟೊದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅದೂ ಅಂಚಿಗೆ. ಬಾಲ್‌ಪೆನ್ನಿನ ಒತ್ತು ಮುಖದ ಮೇಲೆ ಗೀರಾಗಿ ಏಳುತ್ತದೆ.

ಹಳೇ ಫೋಟೊಕ್ಕೆ ಬಣ್ಣ ತುಂಬುವ, ಮಸುಕು ಮುಖ ಚೊಕ್ಕ ಮಾಡುವ ಆ್ಯಪ್‌ಗಳು ಈಗ ಬಹಳ ಇವೆ. ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಸೋದರತ್ತೆಯ ಕಣ್ಣಿನ ಜಾಗದಲ್ಲಿ ಬೇರೆ ಯಾರದೋ ಕಣ್ಣು ಬಂದು ಕೂಡುತ್ತದೆ, ಹಸಿರು ಇಳಕಲ್ ಸೀರೆ ನೀಲಿಯಾಗುತ್ತದೆ. ಹಾಗೆ ಮಾಡಿದ್ದನ್ನು ಹಾಕಲೇಬೇಕೆಂದರೆ ಮೂಲದ್ದನ್ನೂ ಜೊತೆಗೇ ಹಾಕಿ, ‘ಬಣ್ಣ ಯಂತ್ರದ್ದು’ ಎಂದು ಬರೆಯಿರಿ. ಮೂಲ ಬಿಟ್ಟು ಅದೊಂದನ್ನೇ ಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಹಕ್ಕಿನ ವಿಷಯ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಮದುವೆಗೆ ಮನೆಯವರು ಸ್ಟುಡಿಯೊದವರನ್ನು ಕರೆಸಿದ್ದರೆ ಹಕ್ಕು ಮನೆಯವರದು. ಕಾಲೇಜಿನವರು ಹಣ ಕೊಟ್ಟು ತೆಗೆಸಿದ್ದರೆ ಕಾಲೇಜಿನದು. ಸ್ಟುಡಿಯೊದ ಹೆಸರು ಬರೆಯುವುದು ಕಾಯ್ದೆಗಾಗಿ ಅಲ್ಲದಿದ್ದರೂ ಮರ್ಯಾದೆಗಾಗಿ ಬರೆಯಿರಿ. ಯಾರೋ ನಿಮ್ಮ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಜಾಲತಾಣಕ್ಕೆ ಹಾಕಿ ಎಂದರೆ ಒಂದು ಮಾತು ತಿಳಿದಿರಿ. ಅಲ್ಲಿ ಕೊಟ್ಟ ಪರವಾನಗಿ ಹಿಂದಕ್ಕೆ ಪಡೆಯಲು ಬರುವುದಿಲ್ಲ, ವ್ಯಾಪಾರಕ್ಕೂ ಬಳಸಬಹುದು. ಊರಿನ ಬೀದಿ, ಕಟ್ಟಡದ ಫೋಟೊ ಕೊಡಲು ಅದು ಬಹಳ ಚಲೋ ಜಾಗ. ಮನೆಮಂದಿಯ ಫೋಟೊಕ್ಕೆ ನಾವು ಬೇಡ ಅನ್ನುತ್ತೇವೆ.

ಪ್ರಶ್ನೆ: ಶಾಲಿ ಪಾಲಕರ ಗ್ರೂಪಿನ್ಯಾಗ ಮಕ್ಕಳ ಆಟ, ಊಟದ ಫೋಟೊ ದಿನಾ ಹಾಕತೇವಿ. ಒಬ್ಬ ತಾಯಿ ‘ನನ್ನ ಮಗಳ ಫೋಟೊ ತಗೀರಿ’ ಅಂದ್ರು. ನಾಲ್ಕು ದಿನ ಆಗಿತ್ತು. ತಗದ್ರೂ ಕೆಲವರ ಕಡೆ ಉಳದೈತಿ. ಮುಂದ ಹ್ಯಾಂಗ ಮಾಡೂಣು?
– ಶಿಕ್ಷಕಿ, ಹಾವೇರಿ ತಾಲೂಕು

ಉತ್ತರ: ಟೀಚರ್, ಆ ತಾಯಿ ಕೇಳಿದ್ದು ನ್ಯಾಯ. ವಾಟ್ಸಾಪ್‌ನಲ್ಲಿ ‘ಎಲ್ಲರಿಗೂ ಅಳಿಸು’ ಎಂಬುದು ಕಳಿಸಿದವರಿಗೆ ಸುಮಾರು ಎರಡೂವರೆ ದಿನದವರೆಗೆ ಮಾತ್ರ ಸಿಗುತ್ತದೆ. ಗುಂಪಿನ ಅಡ್ಮಿನ್ ಬೇರೆಯವರು ಹಾಕಿದ್ದನ್ನೂ ಅಳಿಸಬಹುದು. ಆದರೆ ಅಷ್ಟರೊಳಗೆ ಯಾರಾದರೂ ಬೇರೆ ಕಡೆ ಉಳಿಸಿಕೊಂಡಿದ್ದರೆ, ಫಾರ್ವರ್ಡ್ ಮಾಡಿದ್ದರೆ, ಸ್ಕ್ರೀನ್‌ಶಾಟ್ ಹೊಡೆದಿದ್ದರೆ ಅದು ಅಲ್ಲಿಯೇ ಇರುತ್ತದೆ. ಹೀಗಾಗಿ ಕೇಳುವ ಕೆಲಸ ಕಳಿಸುವ ಮುಂಚೆಯೇ ಆಗಬೇಕು.

ವರ್ಷದ ಆರಂಭಕ್ಕೆ ಪಾಲಕರಿಂದ ಚೀಟಿ ಬರೆಸಿಕೊಳ್ಳಿ. ‘ಫೋಟೊ ಹಾಕಬಹುದು, ಹಾಕಬಾರದು, ಮುಖ ಕಾಣದಂತೆ ಹಾಕಬಹುದು’ ಎಂದು ಮೂರು ಸಾಲು ಸಾಕು. ಕಾರಣ ಕೇಳಬೇಡಿ. ಗಂಡ-ಹೆಂಡಿರ ವ್ಯಾಜ್ಯ, ಯಾರಿಂದಲೋ ದೂರ ಇರಬೇಕಾದ ಪ್ರಸಂಗ, ಹೀಗೆ ಹೇಳಲಾರದ ಕಾರಣ ಇರುತ್ತವೆ. ಆಟದ ಫೋಟೊ ಹಿಂದಿನಿಂದ, ಊಟದ ಫೋಟೊ ಕೈ ಮತ್ತು ತಾಟಿನದು, ಚಿತ್ರಕಲೆಯದು ಹಾಳೆಯ ಮೇಲೆ ಬಾಗಿದ ತಲೆಯದು ತೆಗೆದರೆ ಮುಖ ಬಾರದೆಯೂ ಆ ದಿನ ಏನಾಯಿತು ಎಂದು ಪಾಲಕರಿಗೆ ತಿಳಿಯುತ್ತದೆ. ಮುಖದ ಜೊತೆ ಶಾಲೆಯ ಹೆಸರಿನ ಬ್ಯಾಡ್ಜು, ಕೆಳಗೆ ಮಗುವಿನ ಹೆಸರು, ‘ಪ್ರತಿ ಶನಿವಾರ ಮುಂಜಾನೆ’ ಎಂಬ ವೇಳೆ, ಇವೆಲ್ಲ ಒಂದೇ ಕಡೆ ಕೂಡಬಾರದು. ಸ್ನಾನದ, ಬಟ್ಟೆ ಬದಲಿಸುವ, ಅಳುವ, ಶಿಕ್ಷೆಗೆ ನಿಂತ ಮಗುವಿನ ಫೋಟೊ ಯಾವ ಗುಂಪಿಗೂ ಬೇಡ. ತಗೆಯುವುದೂ ಬೇಡ.

ಮುಖ ಮುಚ್ಚುವುದಾದರೆ ಪೂರ್ತಿ ತುಂಬಿದ ಬಣ್ಣದಿಂದ ಮುಚ್ಚಿ. ಹೈಲೈಟರ್‌ನಂಥ ಪೆನ್ನಿನಿಂದ ಗೀಚಿದರೆ ಕಪ್ಪಾಗಿ ಕಂಡರೂ ಬೆಳಕು ಹೆಚ್ಚಿಸಿದಾಗ ಒಳಗಿನದು ಎದ್ದು ಬರುತ್ತದೆ. ಮುಚ್ಚಿದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಕೆಲವು ಮೊಬೈಲ್‌ಗಳಲ್ಲಿ ತಿದ್ದಿದ ಫೋಟೊದ ಹಿಂದೆ ಮೂಲವೂ ಉಳಿದಿರುತ್ತದೆ. ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡಿನ ನಂಬರ್ ಮುಚ್ಚುವಾಗಲೂ ಇದೇ ಕ್ರಮ.

ಮಗು ಎಂಟು-ಹತ್ತು ವರ್ಷದ್ದಾದರೆ ಅದನ್ನೂ ಒಂದು ಮಾತು ಕೇಳಿ. ‘ಬ್ಯಾಡ್ರಿ ಟೀಚರ್’ ಎಂದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮದುವಿ ಮುಗದ ಮ್ಯಾಲ 400 ಫೋಟೊ ಬೀಗರ ಗ್ರೂಪಿಗೆ ಹಾಕಿದ್ವಿ. ಎಲ್ಲಾರೂ ‘ಮೊಬೈಲ್ ತುಂಬ್ತು’ ಅಂತಾರ.
– ರಾಣೆಬೆನ್ನೂರು

ಉತ್ತರ: ಗುಂಪಿಗೆ ಹತ್ತು ಹಾಕಿ, ಉಳಿದದ್ದಕ್ಕೆ ಆಲ್ಬಮ್ ಲಿಂಕ್ ಕೊಡಿ. ಕ್ಯಾಮೆರಾದ ಒಂದು ಫೋಟೊ 4 ಎಂಬಿ ಎಂದು ಹಿಡಿದರೂ 400ಕ್ಕೆ 1.6 ಜಿಬಿ. ಗೂಗಲ್ ಫೋಟೋಸ್‌ನಲ್ಲಿ 15 ಜಿಬಿ ಪುಕ್ಕಟೆ. 2021ರ ಜೂನ್ 1ರಿಂದ ಏರಿಸುವ ಎಲ್ಲ ಫೋಟೊ ಅದರ ಲೆಕ್ಕಕ್ಕೇ ಸೇರುತ್ತವೆ, ಜಿಮೇಲ್ ಕೂಡ ಅದರಲ್ಲಿಯೇ. ಲಿಂಕ್ ಸಿಕ್ಕವರೆಲ್ಲ ಆಲ್ಬಮ್ ನೋಡಬಹುದು ಅನ್ನುವುದನ್ನು ಮರೆಯಬೇಡಿ. ಹಂಚುವಾಗ ಲೊಕೇಶನ್ ತೋರಿಸುವ ಗುಂಡಿ ಆಫ್ ಮಾಡಿ, ತಿಂಗಳಾದ ಮೇಲೆ ಲಿಂಕ್ ಬಂದ್ ಮಾಡಿ. ಪ್ರಿಂಟ್ ಹಾಕಿಸುವವರಿಗೆ ಆಲ್ಬಮ್‌ನಿಂದಲೇ ಇಳಿಸಿಕೊಳ್ಳಲು ಹೇಳಿ. ಸಾಮಾನ್ಯ ವಾಟ್ಸಾಪ್ ಪ್ರತಿಯ 1600 ಚುಕ್ಕಿ 4×6 ಇಂಚಿಗೆ ಸಾಲುತ್ತದೆ. 12×18ಕ್ಕೆ ಹೋದರೆ ಒಂದು ಇಂಚಿಗೆ 90 ಚುಕ್ಕಿಯೂ ಬೀಳದೆ ಮುಖ ಒಡೆದು ಕಾಣುತ್ತದೆ.

ಪ್ರಶ್ನೆ: ಮೆಣಸಿನಕಾಯಿ ಸುಗ್ಗಿಯೊಳಗ ಮಾರ್ಕೆಟ್‌ನ್ಯಾಗ ರಾಶಿ, ತೊಟ್ಟು ಬಿಡಿಸೋ ಹೆಣಮಕ್ಕಳ ಫೋಟೊ ತಗದು ಫೋಟೊ ಗುಂಪಿಗೆ ಹಾಕತೀನಿ. ಕೆಂಪು ಬಣ್ಣ ಒಂದ ಮುದ್ದಿ ಆಗತೈತಿ. ಮತ್ತ, ಅವರನ್ನ ಕೇಳಬೇಕೇನ್ರಿ?
– ಬ್ಯಾಡಗಿ

ಉತ್ತರ: ಎರಡನೆಯದಕ್ಕೆ ಮೊದಲು: ಕೇಳಬೇಕು. ಧೂಳು-ಘಾಟಿಗೆ ಮುಖಕ್ಕೆ ಸೆರಗು ಕಟ್ಟಿಕೊಂಡು ಕೂಲಿ ಮಾಡುವವರು ಅವರು. ‘ಯಕ್ಕಾ, ನಿಮ್ಮ ಕೆಲಸದ್ದು ಒಂದು ಫೋಟೊ ತಗೀಲೇನು, ಗ್ರೂಪಿಗೆ ಹಾಕತೀನಿ’ ಎಂದು ಕೇಳಿ, ತೆಗೆದದ್ದನ್ನು ತೋರಿಸಿ. ಬೇಡ ಎಂದರೆ ಅವರೆದುರಿಗೇ ಅಳಿಸಿ. ಒಪ್ಪಿದರೆ ಕೈಗಳ ಚಿತ್ರವನ್ನೂ ತೆಗೆಯಿರಿ, ತೊಟ್ಟು ಮುರಿಯುವ ಬೆರಳುಗಳಲ್ಲಿ ಇಡೀ ಸುಗ್ಗಿ ಕಾಣುತ್ತದೆ. ಮುಂದಿನ ವಾರ 4×6ರ ಒಂದು ಪ್ರತಿ ಅವರಿಗೆ ಒಯ್ದು ಕೊಡಿ.

ಕೆಂಪು ಮುದ್ದೆಯಾಗುವುದಕ್ಕೆ ಕಾರಣ, ಬಿಸಿಲಿನಲ್ಲಿ ಕೆಂಪು ಬಣ್ಣದ ಲೆಕ್ಕ ಕ್ಯಾಮೆರಾದ ಅಳತೆ ಮೀರಿ ಹೋಗುವುದು. ಅಳತೆ ಮೀರಿದ ಕಡೆ ಕಾಯಿಯ ಸುಕ್ಕು ಕಾಣುವುದಿಲ್ಲ, ಬ್ಯಾಡಗಿ ಕಾಯಿಗೆ ಸುಕ್ಕೇ ಗುರುತು. ರಾಶಿಯ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಪ್ರೊ ಮೋಡ್ ಇದ್ದರೆ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) –0.7ರಿಂದ –1ರವರೆಗೆ ಇಡಿ. ನಡು ಮಧ್ಯಾಹ್ನ ಬಿಟ್ಟು ಮುಂಜಾನೆಯ ಓರೆ ಬಿಸಿಲಿಗೆ ಹೋದರೆ ಒಂದೊಂದು ಸುಕ್ಕಿಗೂ ನೆರಳು ಸಿಗುತ್ತದೆ.

ಪ್ರಶ್ನೆ: ಮಾಗಡಿ ಕೆರಿ ಹಕ್ಕಿ, ಲಕ್ಕುಂಡಿ ಗುಡಿ ಫೋಟೊ ಹಾಕುವಾಗ ಜಾಗ ಹೇಳಬಹುದಾ?
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಲಕ್ಕುಂಡಿಯದು ಧಾರಾಳ ಹೇಳಿ. ಗುಡಿಯ ಹೆಸರು, ಯಾವ ದಿಕ್ಕಿನ ಬಾಗಿಲು, ಯಾವ ಕಂಬ ಎಂದು ಬರೆದಷ್ಟೂ ಒಳ್ಳೆಯದು. ಸುಮ್ಮನೆ ‘ಲಕ್ಕುಂಡಿ’ ಎಂದರೆ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವೋ ಕಾಶಿ ವಿಶ್ವನಾಥನೋ ನೋಡಿದವರಿಗೆ ತಿಳಿಯುವುದಿಲ್ಲ. ಸಂರಕ್ಷಿತ ಗುಡಿಗಳಲ್ಲಿ ಟ್ರೈಪಾಡ್, ಡ್ರೋನ್‌ಗೆ ಮುಂಗಡ ಅನುಮತಿ ಬೇಕು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಎಲ್ಲರಿಗೂ ಗೊತ್ತು. ಕೆರೆಯ ಹೆಸರು ಮುಚ್ಚಿಡುವ ಅಗತ್ಯವಿಲ್ಲ. ಗೂಡು, ಮೊಟ್ಟೆ, ಮರಿ, ಹಾಗೂ ಕಪ್ಪತಗುಡ್ಡದಂಥ ಕಡೆ ಕಾಡುಪ್ರಾಣಿಯ ಬಿಲ ಕಂಡರೆ ಮಾತ್ರ ಜಾಗ ಬರೆಯಬೇಡಿ, ಲೊಕೇಶನ್ ಇರುವ ಫೈಲನ್ನೂ ಕೊಡಬೇಡಿ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕುವುದಾದರೆ ಜಾಗದ ಆಯ್ಕೆಯಲ್ಲಿ ‘ಅಬ್‌ಸ್ಕ್ಯೂರ್ಡ್’ ಆರಿಸಿ. ಅದು ನಿಜವಾದ ಬಿಂದುವನ್ನು ಮುಚ್ಚಿ 0.2 ಡಿಗ್ರಿ, ಅಂದರೆ ಸುಮಾರು 20 ಕಿ.ಮೀ. ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತದೆ. ಹಾರುವ ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸಿ ತೆಗೆದ ಫೋಟೊ ಗುಂಪಿಗೆ ಬಂದರೆ ಅದನ್ನು ಹೊಗಳಬೇಡಿ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ಮೇಯುವ, ದಣಿವಾರಿಸಿಕೊಳ್ಳುವ ಹೊತ್ತು ಅದು.

ಪ್ರಶ್ನೆ: ಗುಂಪಿನ್ಯಾಗ ಹಾಕಿದ್ದ ನನ್ನ ಫೋಟೊ ತಗೊಂಡು ಯಾರೋ ನಕಲಿ ಅಕೌಂಟ್ ಮಾಡ್ಯಾರ. ಇನ್ನೊಂದರಾಗ ಮುಖ ಅಂಟಿಸಿ ಹೊಲಸು ಫೋಟೊ ಮಾಡಿ, ರೊಕ್ಕ ಕೊಡು ಇಲ್ಲಾಂದ್ರ ಎಲ್ಲಾರಿಗೂ ಕಳಸ್ತೀನಿ ಅಂತಾನ. ಮನ್ಯಾಗ ಹೇಳಾಕ ಅಂಜಿಕಿ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗೀ, ನೀವು ಏನೂ ತಪ್ಪು ಮಾಡಿಲ್ಲ. ರೊಕ್ಕ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ನಂಬುವ ಒಬ್ಬರಿಗೆ ಇವತ್ತೇ ಹೇಳಿ. ಅಕ್ಕ, ಗೆಳತಿ, ಟೀಚರ್ ಯಾರಾದರೂ ಸರಿ, ಮುಂದಿನ ಕೆಲಸಕ್ಕೆ ಜೊತೆಗೊಬ್ಬರು ಬೇಕು.

ಬ್ಲಾಕ್ ಮಾಡುವ ಮುಂಚೆ ಪುರಾವೆ ಕೂಡಿಸಿ. ಆ ಅಕೌಂಟಿನ ಪುಟ, ಅದರ ಲಿಂಕ್, ಬಂದ ಸಂದೇಶ, ಫೋನ್ ನಂಬರ್, ಹಣ ಕೇಳಿದ ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತಾರೀಕು-ವೇಳೆ ಕಾಣುವಂತೆ ತೆಗೆಯಿರಿ. ಸಿಟ್ಟಿಗೆ ಚಾಟ್ ಅಳಿಸಿಬಿಟ್ಟರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಆಮೇಲೆ ಆ ಆ್ಯಪ್‌ನಲ್ಲಿಯೇ ಆ ಅಕೌಂಟನ್ನು ‘ರಿಪೋರ್ಟ್’ ಮಾಡಿ, ಕಾರಣದಲ್ಲಿ ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬರ್ಥದ್ದನ್ನು ಆರಿಸಿ. ಗೆಳತಿಯರಿಗೂ ಅದನ್ನೇ ಮಾಡಲು ಹೇಳಿ.

ದೂರಿಗೆ 1930ಕ್ಕೆ ಕರೆ ಮಾಡಿ, ಅಥವಾ ಕೇಂದ್ರ ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಬರೆಯಿರಿ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆಯದೇ ಭಾಗವಿದ್ದು, ಹೆಸರು ಹೇಳದೆಯೂ ದೂರು ಕೊಡಬಹುದು. ಹುಬ್ಬಳ್ಳಿ-ಧಾರವಾಡಕ್ಕೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ನೇರ ಹೋಗುವುದಾದರೆ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್, ಗುರುತಿನ ಚೀಟಿ, ಯಾವ ದಿನ ಏನಾಯಿತು ಎಂದು ಬರೆದ ಒಂದು ಹಾಳೆ ಒಯ್ಯಿರಿ.

ಆ ಚಿತ್ರ ಹರಡುವ ಭಯ ಇದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಪುಕ್ಕಟೆ ಸೇವೆ ಇದೆ. ನಿಮ್ಮ ಮೊಬೈಲಿನಲ್ಲಿಯೇ ಚಿತ್ರದಿಂದ ಒಂದು ಅಂಕಿಗಳ ಗುರುತು ತಯಾರಾಗುತ್ತದೆ, ಹೋಗುವುದು ಆ ಗುರುತು ಮಾತ್ರ. ಚಿತ್ರ ನಿಮ್ಮ ಕೈ ಬಿಟ್ಟು ಹೋಗುವುದಿಲ್ಲ. ಅದರೊಂದಿಗೆ ಸೇರಿರುವ ಕಂಪನಿಗಳು ಅದೇ ಗುರುತಿನ ಚಿತ್ರ ಏರಿದರೆ ಪರಿಶೀಲಿಸಿ ತಡೆಯುತ್ತವೆ. ಇದು 18 ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ‘ಟೇಕ್ ಇಟ್ ಡೌನ್’ ಎಂಬ ಅಂಥದೇ ಸೇವೆ ಇದೆ, ಜೊತೆಗೆ ಮಕ್ಕಳ ಸಹಾಯವಾಣಿ 1098. ಆ ಹೊಲಸು ಚಿತ್ರವನ್ನು ‘ನೋಡ್ರಿ ಹಿಂಗ ಮಾಡ್ಯಾನ’ ಎಂದು ಯಾವ ಗುಂಪಿಗೂ ಹಾಕಬೇಡಿ, ಹಾಕಲು ಬಿಡಬೇಡಿ. ಗುಂಪಿನ ಅಡ್ಮಿನ್‌ಗೆ ಮಾತ್ರ ತಿಳಿಸಿ, ನಿಮ್ಮ ಹಳೆಯ ಫೋಟೊಗಳನ್ನು ಅಳಿಸಲು ಹೇಳಿ. ಗುಂಪಿನ ಲಿಂಕ್ ಎಲ್ಲಿಯಾದರೂ ಬಹಿರಂಗವಾಗಿ ಬಿದ್ದಿದ್ದರೆ ಅವರು ‘ರಿಸೆಟ್ ಲಿಂಕ್’ ಒತ್ತಿ ಹೊಸದು ಮಾಡಲಿ, ಗುರುತಿಲ್ಲದ ನಂಬರುಗಳನ್ನು ತೆಗೆಯಲಿ.